ಕ್ಯಾಡ್ ಡ್ರಾಯಿಂಗ್‌ನಲ್ಲಿ ಪಾರದರ್ಶಕತೆ: ಲೇಯರ್‌ಗೆ ಕೊಡುವುದರಿಂದ ಕಾಗದಕ್ಕೆ ಬರುವವರೆಗೆ

ನಕ್ಷೆಯಲ್ಲಿ ಒಂದು ಜಾಗಕ್ಕೆ ಬಣ್ಣ ತುಂಬಿದ ಕೂಡಲೇ ಅದರ ಅಡಿಯಲ್ಲಿದ್ದ ಗೋಡೆ, ಕೊಳವೆ, ವೈಮಾನಿಕ ಚಿತ್ರ ಎಲ್ಲವೂ ಮುಚ್ಚಿಹೋಗುತ್ತವೆ. ಕಂಪ್ಯೂಟರ್‌ನಲ್ಲಿ ನಕ್ಷೆ ಬರೆಯುವ ತಂತ್ರಾಂಶವಾದ ಆಟೋಕ್ಯಾಡ್‌ನ 2011ರ ಆವೃತ್ತಿಯಲ್ಲಿ ಇದಕ್ಕೆ ನೇರ ಪರಿಹಾರ ಬಂತು: ಬಣ್ಣ, ಗೆರೆಯ ಬಗೆ, ಗೆರೆಯ ದಪ್ಪಗಳ ಸಾಲಿಗೆ ಟ್ರಾನ್ಸ್‌ಪರೆನ್ಸಿ ಎಂಬ ಗುಣವೂ ಸೇರಿತು. ಅದನ್ನು ಲೇಯರ್‌ಗೂ (ವಸ್ತುಗಳನ್ನು ಗುಂಪಾಗಿ ಇಡುವ ಪದರ) ಕೊಡಬಹುದು, ಒಂದೊಂದೇ ಆಬ್ಜೆಕ್ಟ್‌ಗೂ (ಗೆರೆ, ಬರಹದಂಥ ವಸ್ತು) ಕೊಡಬಹುದು. ಕೊಡುವುದು ಸುಲಭ. ತೊಂದರೆ ಶುರುವಾಗುವುದು ಆಮೇಲೆ: ಪರದೆಯಲ್ಲಿ ತಿಳಿಯಾಗಿ ಕಂಡ ಬಣ್ಣ ಪ್ರಿಂಟ್‌ನಲ್ಲಿ ದಟ್ಟವಾಗಿ ಕೂರುತ್ತದೆ, ಲೇಯರ್‌ನ ಸಂಖ್ಯೆ ಬದಲಿಸಿದರೂ ಹ್ಯಾಚ್ (ಜಾಗಕ್ಕೆ ತುಂಬಿದ ಬಣ್ಣ ಅಥವಾ ವಿನ್ಯಾಸ) ಬದಲಾಗುವುದಿಲ್ಲ, ಪಿಡಿಎಫ್‌ನಲ್ಲಿ ಗೆರೆಗಳು ಮಸುಕಾಗುತ್ತವೆ. ಇವೆಲ್ಲಕ್ಕೂ ಗೊತ್ತಾದ ಕಾರಣಗಳಿವೆ.

ಇಲ್ಲಿರುವ ಹೆಸರುಗಳು ಆಟೋಕ್ಯಾಡ್‌ನವು. ಡಿಡಬ್ಲ್ಯುಜಿ ಕಡತ ಬಳಸುವ ಬೇರೆ ತಂತ್ರಾಂಶಗಳಲ್ಲೂ, ಬ್ರಿಕ್ಸ್‌ಕ್ಯಾಡ್‌ನಂಥವುಗಳಲ್ಲಿ, ಹೆಚ್ಚಿನವು ಇದೇ ಹೆಸರಿನಲ್ಲಿ ಸಿಗುತ್ತವೆ.

ಮೊದಲು ಕೇಳಿಕೊಳ್ಳಬೇಕಾದದ್ದು

ಬಣ್ಣದ ಅಡಿಯಲ್ಲಿರುವ ವಸ್ತುವನ್ನು ಬಣ್ಣದ ಮೇಲಕ್ಕೆ ತರಲು ಸಾಧ್ಯವಿದೆಯೇ? ಇದ್ದರೆ ಪಾರದರ್ಶಕತೆ ಬೇಕಾಗುವುದೇ ಇಲ್ಲ. ಹ್ಯಾಚ್‌ಟುಬ್ಯಾಕ್ ಆಜ್ಞೆ ಕೊಟ್ಟರೆ ಕಡತದಲ್ಲಿರುವ ಹ್ಯಾಚ್‌ಗಳೆಲ್ಲ ಹಿಂದಕ್ಕೆ ಸರಿಯುತ್ತವೆ. ಟೆಕ್ಸ್ಟ್‌ಟುಫ್ರಂಟ್ ಕೊಟ್ಟರೆ ಬರಹ, ಅಳತೆಗಳು ಮುಂದಕ್ಕೆ ಬರುತ್ತವೆ. ತಿಳಿ ಬಣ್ಣವೊಂದನ್ನು ಆರಿಸಿ ಹಿಂದಕ್ಕೆ ತಳ್ಳಿದ ಹ್ಯಾಚ್, ಕೋಣೆಗಳ ಬಳಕೆ ತೋರಿಸುವ ಸಾಮಾನ್ಯ ನಕ್ಷೆಗೆ ಸಾಕು. ಪ್ರಿಂಟ್ ಕೂಡ ಹಗುರವಾಗಿ, ಚೊಕ್ಕವಾಗಿ ಬರುತ್ತದೆ.

ಪಾರದರ್ಶಕತೆ ನಿಜವಾಗಿ ಬೇಕಾಗುವ ಸಂದರ್ಭಗಳು ಕೆಲವೇ. ಅಡಿಯಲ್ಲಿ ವೈಮಾನಿಕ ಚಿತ್ರವೋ ಸ್ಕ್ಯಾನ್ ಮಾಡಿದ ಹಳೆಯ ನಕ್ಷೆಯೋ ಇದ್ದು, ಅದರ ಮೇಲೆ ವಲಯಗಳನ್ನು ಗುರುತಿಸುವಾಗ ಬೇಕು. ಎರಡು ವಲಯಗಳು ಒಂದರ ಮೇಲೊಂದು ಹಾಯುವಾಗ, ಹಾಯ್ದ ಭಾಗವೇ ಓದುಗರಿಗೆ ಕಾಣಬೇಕಾದ ಮಾಹಿತಿಯಾಗಿದ್ದರೆ ಬೇಕು. ಈಗಿರುವ ಕಟ್ಟಡವನ್ನು ಹಿನ್ನೆಲೆಗೆ ಸರಿಸಿ ಹೊಸ ಕೆಲಸವನ್ನು ಎತ್ತಿ ತೋರಿಸುವಾಗ ಅನುಕೂಲ. ಉಳಿದ ಕಡೆ ಅದರ ಬೆಲೆಯನ್ನು ಪ್ರಿಂಟ್ ಹೊತ್ತಿನಲ್ಲಿ ತೆರಬೇಕಾಗುತ್ತದೆ.

ಸಂಖ್ಯೆ ಏನು ಹೇಳುತ್ತದೆ

ಸಂಖ್ಯೆ 0ಯಿಂದ 90ರವರೆಗೆ ಇರುತ್ತದೆ. 0 ಎಂದರೆ ಪೂರ್ತಿ ದಟ್ಟ, 90 ಎಂದರೆ ಹೆಚ್ಚುಕಡಿಮೆ ಗಾಜು. 90ನ್ನು ದಾಟಲು ಬಿಡುವುದಿಲ್ಲ. ವಸ್ತು ಪೂರ್ತಿ ಮರೆಯಾಗಬೇಕಿದ್ದರೆ ಲೇಯರನ್ನು ಆಫ್ ಅಥವಾ ಫ್ರೀಜ್ ಮಾಡಬೇಕು.

60 ಎಂದು ಕೊಟ್ಟರೆ ಕೊನೆಯ ಬಣ್ಣದಲ್ಲಿ 40 ಪಾಲು ವಸ್ತುವಿನದು, 60 ಪಾಲು ಅದರ ಹಿಂದಿರುವುದರದು. ಹಿಂದೆ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂಬುದನ್ನು ಮರೆಯಬಾರದು. 255,0,0 ಅಂಕಿಯ ಅಪ್ಪಟ ಕೆಂಪಿಗೆ 60 ಕೊಟ್ಟರೆ ಕಪ್ಪು ಹಿನ್ನೆಲೆಯಲ್ಲಿ ಅದು 102,0,0 ಆಗುತ್ತದೆ. ಒಣಗಿದ ರಕ್ತದಂಥ ಕಡುಗೆಂಪು. ಅದೇ ವಸ್ತು ಬಿಳಿ ಕಾಗದದಲ್ಲಿ 255,153,153 ಆಗಿ ತಿಳಿಗುಲಾಬಿಯಾಗುತ್ತದೆ. ನಕ್ಷೆ ಬರೆಯುವ ಜಾಗವಾದ ಮಾಡೆಲ್ ಸ್ಪೇಸ್‌ನ ಕಪ್ಪು ಪರದೆಯಲ್ಲಿ ನೋಡಿ ಸಂಖ್ಯೆ ನಿರ್ಧರಿಸಿದವರಿಗೆ ಪ್ರಿಂಟ್ ಯಾವತ್ತೂ ಅಚ್ಚರಿ ಕೊಡುವುದು ಇದಕ್ಕೇ. ಹಾಗಾಗಿ ಸಂಖ್ಯೆಯನ್ನು ಬಿಳಿ ಹಿನ್ನೆಲೆಯ ಲೇಔಟ್‌ನಲ್ಲಿ (ಪ್ರಿಂಟ್ ಹಾಳೆ ಜೋಡಿಸುವ ಪುಟ) ನಿರ್ಧರಿಸಿ. ಹಳದಿಯ ವಿಷಯದಲ್ಲಂತೂ ಇದು ಕಡ್ಡಾಯ: ಕಪ್ಪಿನ ಮೇಲೆ ಚೆನ್ನಾಗಿ ಕಾಣುವ ಹಳದಿ, 70 ದಾಟಿದರೆ ಬಿಳಿ ಹಾಳೆಯಲ್ಲಿ ಇದೆಯೋ ಇಲ್ಲವೋ ಎನ್ನುವಂತಾಗುತ್ತದೆ.

ಒಂದರ ಮೇಲೊಂದು ಬಂದಾಗ ಅಡಿಯ ನೋಟ ಗುಣಾಕಾರದ ಲೆಕ್ಕದಲ್ಲಿ ಕುಗ್ಗುತ್ತದೆ. 50ರ ಎರಡು ಹ್ಯಾಚ್‌ಗಳು ಹಾಯ್ದ ಕಡೆ ಅಡಿಯದು ಕಾಣುವುದು 25 ಪಾಲು ಮಾತ್ರ. 70ರ ಎರಡಾದರೆ 49 ಪಾಲು, ಮೂರಾದರೆ 34. ಮೂರು ವಲಯಗಳು ಹಾಯುವ ನಕ್ಷೆಯಲ್ಲಿ ಒಂದೊಂದಕ್ಕೂ 70ಕ್ಕಿಂತ ಕಡಿಮೆ ಕೊಟ್ಟರೆ ನಡುವಿನ ಭಾಗ ಓದಲು ಬಾರದು.

ಆರಂಭಕ್ಕೆ ಹಿಡಿಯಬಹುದಾದ ಅಂಕಿಗಳು: ವೈಮಾನಿಕ ಚಿತ್ರದ ಮೇಲಿನ ವಲಯಗಳಿಗೆ 60ರಿಂದ 75, ಹಿನ್ನೆಲೆಗೆ ಸರಿಯಬೇಕಾದ ಹಳೆಯ ಗೋಡೆಗಳಿಗೆ 50ರ ಆಸುಪಾಸು, ತಿದ್ದುಪಡಿ ಆದ ಜಾಗಕ್ಕೆ ಬಳಿಯುವ ಗುರುತಿಗೆ 75ರಿಂದ 80. ಗೆರೆಗಳಿಗೆ 60ಕ್ಕಿಂತ ಮೇಲೆ ಹೋಗದಿರುವುದು ಒಳ್ಳೆಯದು. ತುಂಬಿದ ಜಾಗ ಎಷ್ಟು ತಿಳಿಯಾದರೂ ಅಗಲ ಇರುವುದರಿಂದ ಕಣ್ಣಿಗೆ ಸಿಗುತ್ತದೆ, ಸಣ್ಣ ಗೆರೆಗೆ ಆ ಆಸರೆಯಿಲ್ಲ.

ಲೇಯರ್‌ಗೆ ಕೊಡುವ ಕ್ರಮ

1. ಪಾರದರ್ಶಕವಾಗಬೇಕಾದ ವಸ್ತುಗಳಿಗೆ ಪ್ರತ್ಯೇಕ ಲೇಯರ್ ಮಾಡಿ. ಹ್ಯಾಚ್ ಮತ್ತು ಅದರ ಅಂಚುಗೆರೆ ಒಂದೇ ಲೇಯರ್‌ನಲ್ಲಿದ್ದರೆ ಅಂಚೂ ಮಸುಕಾಗಿ ವಲಯದ ಗಡಿ ಅಳಿಸಿದಂತಾಗುತ್ತದೆ. ತುಂಬುವಿಕೆಗೆ ಒಂದು, ಅಂಚಿಗೆ ಒಂದು ಲೇಯರ್ ಇರಲಿ. ಅಂಚಿನದು 0 ಇರಲಿ.
2. ಲೇಯರ್ ಆಜ್ಞೆಯಿಂದ ಲೇಯರ್ ಪ್ರಾಪರ್ಟೀಸ್ ಮ್ಯಾನೇಜರ್ ತೆರೆಯಿರಿ. ಟ್ರಾನ್ಸ್‌ಪರೆನ್ಸಿ ಎಂಬ ಕಾಲಂ ಕಾಣದಿದ್ದರೆ ಯಾವುದಾದರೂ ಕಾಲಂ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ ಅದನ್ನು ಆರಿಸಿ.
3. ಆ ಲೇಯರ್‌ನ ಸಾಲಿನಲ್ಲಿ 0 ಇರುವ ಕಡೆ ಕ್ಲಿಕ್ ಮಾಡಿ, ಸಂಖ್ಯೆ ಕೊಡಿ.
4. ವಸ್ತುಗಳನ್ನು ಆರಿಸಿ ಪ್ರಾಪರ್ಟೀಸ್ ಫಲಕದಲ್ಲಿ ಟ್ರಾನ್ಸ್‌ಪರೆನ್ಸಿ ಬೈಲೇಯರ್ (ಲೇಯರ್ ಹೇಳಿದಂತೆ) ಎಂದಿದೆಯೇ ನೋಡಿ. ಬೈಲೇಯರ್ ಅಲ್ಲದ ವಸ್ತುವಿಗೆ ಲೇಯರ್‌ನ ಸಂಖ್ಯೆ ತಾಗುವುದಿಲ್ಲ.
5. ಪರದೆಯಲ್ಲಿ ಬದಲಾವಣೆ ಕಾಣದಿದ್ದರೆ ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಟ್ರಾನ್ಸ್‌ಪರೆನ್ಸಿ ಗುಂಡಿ ಒತ್ತಿ. ಗುಂಡಿಯೇ ಇಲ್ಲದಿದ್ದರೆ ಬಾರ್‌ನ ಬಲತುದಿಯಲ್ಲಿರುವ ಮೂರು ಗೆರೆಯ ಚಿಹ್ನೆಯಿಂದ ಅದನ್ನು ಹೊರತೆಗೆಯಬಹುದು. ಟ್ರಾನ್ಸ್‌ಪರೆನ್ಸಿಡಿಸ್‌ಪ್ಲೇ ಎಂದು ಟೈಪ್ ಮಾಡಿ 1 ಕೊಟ್ಟರೂ ಆಗುತ್ತದೆ.

ಆಜ್ಞಾ ಸಾಲಿನಲ್ಲಿ ಬರೀ ಟ್ರಾನ್ಸ್‌ಪರೆನ್ಸಿ ಎಂದು ಟೈಪ್ ಮಾಡಬೇಡಿ. ಆ ಹೆಸರಿನ ಹಳೆಯ ಆಜ್ಞೆಯೊಂದಿದೆ. ಅದು ಸೇರಿಸಿದ ಬಿಂಬಚಿತ್ರದ ಹಿನ್ನೆಲೆಯನ್ನು ಕಾಣಿಸಬೇಕೋ ಬೇಡವೋ ಎಂದು ಕೇಳುತ್ತದೆ, ಕಪ್ಪು-ಬಿಳುಪಿನ ಸ್ಕ್ಯಾನ್‌ಗಳಿಗೆ ಉಪಯೋಗ. ಲೇಯರ್‌ಗೂ ಹ್ಯಾಚ್‌ಗೂ ಅದಕ್ಕೂ ಸಂಬಂಧವಿಲ್ಲ.

ಪರದೆಯ ಗುಂಡಿ ಬರೀ ಪರದೆಗೆ. ದೊಡ್ಡ ಕಡತದಲ್ಲಿ ಜೂಮ್, ಪ್ಯಾನ್ ಎಳೆದಾಡಿದಂತಾದರೆ ಕೆಲಸದ ವೇಳೆ ಅದನ್ನು ಆಫ್ ಮಾಡಿಟ್ಟುಕೊಳ್ಳಬಹುದು. ಲೇಯರ್‌ಗೆ ಕೊಟ್ಟ ಸಂಖ್ಯೆ ಹಾಗೇ ಇರುತ್ತದೆ, ಪ್ರಿಂಟ್‌ಗೂ ಅದರಿಂದ ವ್ಯತ್ಯಾಸವಿಲ್ಲ.

ಆಬ್ಜೆಕ್ಟ್‌ಗೆ ನೇರವಾಗಿ ಕೊಡುವುದು

ವಸ್ತುವನ್ನು ಆರಿಸಿ ಪ್ರಾಪರ್ಟೀಸ್ ಫಲಕದಲ್ಲಿ ಬೈಲೇಯರ್ ಇರುವ ಜಾಗದಲ್ಲಿ ಸಂಖ್ಯೆ ಬರೆದರೆ ಮುಗಿಯಿತು. ಮುಗಿಯಿತು ಎನ್ನುವುದೇ ಇದರ ಅಪಾಯ. ಹೀಗೆ ಸಂಖ್ಯೆ ಬರೆಸಿಕೊಂಡ ವಸ್ತು ಲೇಯರ್‌ನ ಮಾತು ಕೇಳುವುದನ್ನು ನಿಲ್ಲಿಸುತ್ತದೆ. ಆರು ತಿಂಗಳ ಬಳಿಕ ಬೇರೊಬ್ಬರು ಲೇಯರ್‌ನಲ್ಲಿ 60ನ್ನು 75 ಮಾಡಿದಾಗ ನೂರರಲ್ಲಿ ಹತ್ತು ಹ್ಯಾಚ್ ಹಾಗೇ ಉಳಿಯುತ್ತವೆ, ಏಕೆಂದು ಹೊರನೋಟಕ್ಕೆ ತಿಳಿಯುವುದೂ ಇಲ್ಲ. ಒಂದೇ ಹಾಳೆಯಲ್ಲಿ ಒಂದೇ ಒಂದು ವಸ್ತುವನ್ನು ಎತ್ತಿ ತೋರಿಸಬೇಕಾದಾಗ ಇದನ್ನು ಬಳಸಿ. ಒಂದೇ ಸಂಖ್ಯೆ ಎರಡನೆಯ ವಸ್ತುವಿಗೂ ಬೇಕಾದರೆ ಆಗಲೇ ಹೊಸ ಲೇಯರ್ ಮಾಡಿ.

ಗೊತ್ತಿಲ್ಲದೆ ಇದು ಆಗಿಬಿಡುವ ದಾರಿಯೂ ಇದೆ. ಯಾವ ವಸ್ತುವನ್ನೂ ಆರಿಸದೆ ರಿಬ್ಬನ್‌ನ ಪ್ರಾಪರ್ಟೀಸ್ ಭಾಗದಲ್ಲಿ ಟ್ರಾನ್ಸ್‌ಪರೆನ್ಸಿ ಸ್ಲೈಡರ್ ಎಳೆದರೆ ಮುಂದೆ ಬರೆಯುವ ಎಲ್ಲ ವಸ್ತುಗಳಿಗೂ ಆ ಸಂಖ್ಯೆ ಅಂಟಿಕೊಳ್ಳುತ್ತದೆ. ಹೊಸದಾಗಿ ಎಳೆದ ಗೆರೆ, ಬರಹ ಎಲ್ಲ ಮಸುಕಾಗಿ ಬರುತ್ತಿದ್ದರೆ ಸಿಇಟ್ರಾನ್ಸ್‌ಪರೆನ್ಸಿ ಎಂದು ಟೈಪ್ ಮಾಡಿ ನೋಡಿ. ಅಲ್ಲಿ ಬೈಲೇಯರ್ ಇರಬೇಕು.

ಈಗಾಗಲೇ ಹದಗೆಟ್ಟ ಕಡತಕ್ಕೆ ಸೆಟ್‌ಬೈಲೇಯರ್ ಆಜ್ಞೆ ಇದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಟ್ರಾನ್ಸ್‌ಪರೆನ್ಸಿ ಒಂದನ್ನೇ ಉಳಿಸಿ ಉಳಿದ ಗುರುತುಗಳನ್ನು ತೆಗೆಯಿರಿ. ಇಲ್ಲದಿದ್ದರೆ ಬೇಕೆಂದೇ ಕೊಟ್ಟ ಬಣ್ಣ, ಗೆರೆದಪ್ಪಗಳೂ ಲೇಯರ್‌ಗೆ ಮರಳಿಬಿಡುತ್ತವೆ. ಬ್ಲಾಕ್‌ಗಳ (ಒಂದೇ ಹೆಸರಿನಲ್ಲಿ ಕಟ್ಟಿಟ್ಟು ಹಲವು ಕಡೆ ಇಡುವ ವಸ್ತುಗುಂಪು) ಒಳಗೂ ಹೋಗಬೇಕೇ ಎಂದು ಅದು ಕೇಳಿದಾಗ ಯೋಚಿಸಿ ಉತ್ತರಿಸಿ, ಏಕೆಂದರೆ ಆ ಬ್ಲಾಕ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಬದಲಾವಣೆ ಆಗುತ್ತದೆ.

ಬ್ಲಾಕ್‌ಗಳ ನಿಯಮ ಬಣ್ಣದ ನಿಯಮವೇ. ಒಳಗಿನ ವಸ್ತು 0 ಲೇಯರ್‌ನಲ್ಲಿ ಬೈಲೇಯರ್ ಆಗಿದ್ದರೆ, ಬ್ಲಾಕ್ ಇಟ್ಟ ಲೇಯರ್‌ನ ಸಂಖ್ಯೆ ಪಡೆಯುತ್ತದೆ. ಬೈಬ್ಲಾಕ್ (ಬ್ಲಾಕ್ ಹೇಳಿದಂತೆ) ಆಗಿದ್ದರೆ ಬ್ಲಾಕ್‌ಗೆ ಕೊಟ್ಟ ಸಂಖ್ಯೆ ಪಡೆಯುತ್ತದೆ. ಒಳಗೇ ಸಂಖ್ಯೆ ಬರೆದಿದ್ದರೆ ಹೊರಗಿನಿಂದ ಏನು ಮಾಡಿದರೂ ಅಲುಗಾಡದು. ಬ್ಲಾಕ್ ಎಡಿಟರ್ ತೆರೆಯಲೇಬೇಕು.

ಹ್ಯಾಚ್ ಹಠ ಹಿಡಿದಾಗ

ಹ್ಯಾಚ್‌ಗೆ ತನ್ನದೇ ಒಂದು ನೆನಪಿದೆ. ಹ್ಯಾಚ್ ರಿಬ್ಬನ್‌ನಲ್ಲಿ ಒಮ್ಮೆ ಸ್ಲೈಡರ್ ಎಳೆದರೆ ಅದು ಎಚ್‌ಪಿಟ್ರಾನ್ಸ್‌ಪರೆನ್ಸಿ ಎಂಬ ಚರದಲ್ಲಿ (ತಂತ್ರಾಂಶ ನೆನಪಿಟ್ಟುಕೊಳ್ಳುವ ಸೆಟ್ಟಿಂಗ್) ಕೂತು ಮುಂದಿನ ಹ್ಯಾಚ್‌ಗಳಿಗೂ ಅನ್ವಯವಾಗುತ್ತದೆ. ಗೆರೆಗಳೆಲ್ಲ ಬೈಲೇಯರ್, ಹ್ಯಾಚ್‌ಗಳು ಮಾತ್ರ ಅಲ್ಲ ಎಂಬ ಪರಿಸ್ಥಿತಿ ಹುಟ್ಟುವುದು ಇಲ್ಲಿ. ಸ್ಲೈಡರ್ ಪಕ್ಕದ ಪಟ್ಟಿಯಲ್ಲಿ ಬೈಲೇಯರ್ ಆರಿಸಿ, ಟೆಂಪ್ಲೇಟ್‌ನಲ್ಲಿಯೇ ಹಾಗೆ ಇಟ್ಟುಕೊಂಡರೆ ಮತ್ತೂ ಒಳ್ಳೆಯದು. ಎಚ್‌ಪಿಲೇಯರ್ ಚರದಲ್ಲಿ ತುಂಬುವಿಕೆಯ ಲೇಯರ್ ಹೆಸರು ಕೊಟ್ಟಿಟ್ಟರೆ, ಯಾವ ಲೇಯರ್‌ನಲ್ಲಿ ಕೆಲಸ ಮಾಡುತ್ತಿದ್ದರೂ ಹೊಸ ಹ್ಯಾಚ್ ನೇರವಾಗಿ ಅಲ್ಲಿಗೇ ಹೋಗುತ್ತದೆ.

ಒಂದು ವಲಯ ಮಾತ್ರ ಉಳಿದವುಗಳಿಗಿಂತ ದಟ್ಟವಾಗಿ ಕಂಡರೆ, ಎರಡು ಹ್ಯಾಚ್ ಒಂದರ ಮೇಲೊಂದು ಕೂತಿರುವ ಸಾಧ್ಯತೆಯೇ ಹೆಚ್ಚು. ದಟ್ಟ ಹ್ಯಾಚ್‌ನಲ್ಲಿ ಇದು ಗೊತ್ತಾಗುವುದೇ ಇಲ್ಲ, ಪಾರದರ್ಶಕವಾದ ಕೂಡಲೇ ಬಯಲಿಗೆ ಬರುತ್ತದೆ. ಸೆಲೆಕ್ಷನ್ ಸೈಕ್ಲಿಂಗ್ ಆನ್ ಮಾಡಿ ಆ ಜಾಗದಲ್ಲಿ ಕ್ಲಿಕ್ ಮಾಡಿದರೆ ಪಟ್ಟಿಯಲ್ಲಿ ಎರಡು ಹೆಸರು ಕಾಣುತ್ತದೆ, ಒಂದನ್ನು ಅಳಿಸಿ.

ಪಾರದರ್ಶಕ ಹ್ಯಾಚನ್ನೂ ಬರಹದ ಹಿಂದಕ್ಕೇ ಕಳಿಸಿ. ಬರಹ ಅಡಿಯಿಂದ ಕಾಣುತ್ತದಲ್ಲ ಎಂದು ಬಿಟ್ಟರೆ ಕಪ್ಪು ಅಕ್ಷರಕ್ಕೂ ಹ್ಯಾಚ್‌ನ ಬಣ್ಣ ಬೆರೆತು ಓದು ಕಷ್ಟವಾಗುತ್ತದೆ. ಸರಿಯಾದ ಕ್ರಮ ಕೆಳಗಿನಿಂದ ಮೇಲಕ್ಕೆ ಹೀಗೆ: ಚಿತ್ರ, ಪಾರದರ್ಶಕ ಹ್ಯಾಚ್, ಗೆರೆಗಳು, ಬರಹ.

ಒಂದೇ ಕಡತ, ಹಾಳೆಗೊಂದು ಪಾರದರ್ಶಕತೆ

ಒಂದು ಹಾಳೆಯಲ್ಲಿ ಹಳೆಯ ಗೋಡೆ ಪೂರ್ತಿ ಕಾಣಬೇಕು, ಮತ್ತೊಂದರಲ್ಲಿ ಮಸುಕಾಗಬೇಕು ಎಂದಾಗ ನಕಲು ಲೇಯರ್ ಮಾಡಬೇಕಿಲ್ಲ. ಲೇಔಟ್‌ನಲ್ಲಿ ವ್ಯೂಪೋರ್ಟ್ (ನಕ್ಷೆಯನ್ನು ಹಾಳೆಯಲ್ಲಿ ತೋರಿಸುವ ಚೌಕಟ್ಟು) ಒಳಗೆ ಎರಡು ಬಾರಿ ಕ್ಲಿಕ್ ಮಾಡಿ ಲೇಯರ್ ಮ್ಯಾನೇಜರ್ ತೆರೆದರೆ ವಿಪಿ ಟ್ರಾನ್ಸ್‌ಪರೆನ್ಸಿ ಎಂಬ ಇನ್ನೊಂದು ಕಾಲಂ ಇರುತ್ತದೆ. ಅಲ್ಲಿ ಕೊಟ್ಟ ಸಂಖ್ಯೆ ಆ ವ್ಯೂಪೋರ್ಟ್‌ಗಷ್ಟೇ. ಪಕ್ಕದ ಸಾದಾ ಟ್ರಾನ್ಸ್‌ಪರೆನ್ಸಿ ಕಾಲಂನಲ್ಲಿ ಬರೆದುಬಿಟ್ಟರೆ ಎಲ್ಲ ಹಾಳೆಗಳೂ ಬದಲಾಗುತ್ತವೆ, ಆದ್ದರಿಂದ ಎರಡು ಕಾಲಂಗಳ ಹೆಸರನ್ನು ಪ್ರತಿ ಸಲವೂ ನೋಡಿಕೊಳ್ಳಿ. ಇಂಥ ಬದಲಾವಣೆ ಇರುವ ಲೇಯರ್‌ಗಳ ಸಾಲಿಗೆ ಮ್ಯಾನೇಜರ್‌ನಲ್ಲಿ ಬೇರೆ ಹಿನ್ನೆಲೆ ಬಣ್ಣ ಬರುತ್ತದೆ. ತೆಗೆಯಬೇಕಾದರೆ ಬಲ ಕ್ಲಿಕ್ ಮಾಡಿ ವ್ಯೂಪೋರ್ಟ್ ಓವರ್‌ರೈಡ್ ತೆಗೆಯುವ ಆಯ್ಕೆ ಹಿಡಿಯಿರಿ.

ಎಕ್ಸ್‌ರೆಫ್ ಆಗಿ (ಹೊರಗಿನ ನಕ್ಷೆಯನ್ನು ಕೊಂಡಿಯಂತೆ ಜೋಡಿಸಿದ್ದು) ಬಂದ ಕಡತದ ಲೇಯರ್‌ಗಳಿಗೂ ಹೀಗೆಯೇ ಕೊಡಬಹುದು. ವಿಸ್‌ರಿಟೇನ್ ಎಂಬ ಚರ 1 ಇದ್ದರೆ ಮಾತ್ರ ಅದು ಮುಂದಿನ ಸಲ ತೆರೆದಾಗಲೂ ಉಳಿಯುತ್ತದೆ. ಆ ಕಡತದವರು ಹ್ಯಾಚ್‌ಗಳಿಗೆ ನೇರ ಸಂಖ್ಯೆ ಬರೆದಿದ್ದರೆ ನೀವು ಲೇಯರ್‌ಗೆ ಕೊಡುವ ಸಂಖ್ಯೆ ಸಾಮಾನ್ಯವಾಗಿ ಅವುಗಳಿಗೆ ತಾಗುವುದಿಲ್ಲ. ಇನ್ನೊಬ್ಬರ ಕೈಗೆ ಹೋಗುವ ಕಡತದಲ್ಲಿ ಬೈಲೇಯರ್ ಕಾಪಾಡಿಕೊಳ್ಳುವುದು ಅವರಿಗೆ ಮಾಡುವ ಉಪಕಾರವೂ ಹೌದು.

ಪ್ರಿಂಟ್

ಪರದೆಯಲ್ಲಿ ಸರಿಯಿದ್ದದ್ದು ಪ್ರಿಂಟ್‌ನಲ್ಲಿ ದಟ್ಟವಾಗಿ ಬರುವುದಕ್ಕೆ ಕಾರಣ ಒಂದು ಸಣ್ಣ ಚೌಕ. ಪ್ಲಾಟ್ ವಿಂಡೋದ ಪ್ಲಾಟ್ ಆಪ್ಷನ್ಸ್ ಭಾಗದಲ್ಲಿರುವ ಪ್ಲಾಟ್ ಟ್ರಾನ್ಸ್‌ಪರೆನ್ಸಿ ಎಂಬುದಕ್ಕೆ ಆರಂಭದಲ್ಲಿ ಟಿಕ್ ಇರುವುದಿಲ್ಲ. ಆ ಭಾಗವೇ ಕಾಣದಿದ್ದರೆ ವಿಂಡೋದ ಕೆಳಗಿನ ಬಲಮೂಲೆಯ ಬಾಣ ಒತ್ತಿ ಅಗಲಗೊಳಿಸಿ. ಟಿಕ್ ಹಾಕಿ, ಅಪ್ಲೈ ಟು ಲೇಔಟ್ ಒತ್ತಿ, ಆಮೇಲೆ ಪ್ರಿವ್ಯೂ ನೋಡಿ. ಅಪ್ಲೈ ಒತ್ತದಿದ್ದರೆ ಅದು ಲೇಔಟ್‌ನಲ್ಲಿ ಉಳಿಯದೆ ಮುಂದಿನ ಸಲ ಮತ್ತೆ ಅದೇ ಗೋಳು.

ಹಲವು ಹಾಳೆಗಳನ್ನು ಪಬ್ಲಿಶ್ ಮೂಲಕ ಒಟ್ಟಿಗೆ ತೆಗೆಯುವಾಗ ಪ್ರತಿ ಹಾಳೆಯ ಪೇಜ್ ಸೆಟಪ್‌ನಲ್ಲೂ ಟಿಕ್ ಇರಬೇಕು. ಹೆಸರಿಟ್ಟ ಒಂದು ಪೇಜ್ ಸೆಟಪ್ ಮಾಡಿ ಎಲ್ಲ ಲೇಔಟ್‌ಗಳಿಗೂ ಅದನ್ನೇ ಹಚ್ಚುವುದು ನೆಮ್ಮದಿಯ ದಾರಿ. ಪ್ಲಾಟ್‌ಟ್ರಾನ್ಸ್‌ಪರೆನ್ಸಿಓವರ್‌ರೈಡ್ ಎಂಬ ಚರವೂ ಇದೆ: 0 ಇದ್ದರೆ ಟಿಕ್ ಇದ್ದರೂ ಪಾರದರ್ಶಕತೆ ಬರುವುದಿಲ್ಲ, 1 ಇದ್ದರೆ ಪೇಜ್ ಸೆಟಪ್ ಹೇಳಿದಂತೆ, 2 ಇದ್ದರೆ ಯಾವಾಗಲೂ ಬರುತ್ತದೆ. ಟಿಕ್ ಹಾಕಿಯೂ ದಟ್ಟವಾಗಿಯೇ ಬಂದರೆ ಇದು 0 ಆಗಿದೆಯೇ ನೋಡಿ.

ಆ ಚೌಕವನ್ನು ಮೊದಲೇ ಟಿಕ್ ಮಾಡಿ ಕೊಡದಿರಲು ಕಾರಣವಿದೆ. ಪಾರದರ್ಶಕತೆಯೊಂದಿಗೆ ಪ್ರಿಂಟ್ ತೆಗೆಯುವಾಗ ಗೆರೆಗಳನ್ನು ಗೆರೆಗಳಾಗಿ ಕಳಿಸದೆ ಚುಕ್ಕೆಗಳ ಚಿತ್ರವಾಗಿ ಮಾರ್ಪಡಿಸಿ ಕಳಿಸಬೇಕಾಗುತ್ತದೆ. 594 × 841 ಮಿಮೀ ಅಳತೆಯ ಎ1 ಹಾಳೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 7016 × 9933 ಚುಕ್ಕೆಗಳಾಗುತ್ತದೆ, ಅಂದರೆ ಸುಮಾರು 7 ಕೋಟಿ. ಒಂದು ಚುಕ್ಕೆಗೆ 3 ಬೈಟ್ ಹಿಡಿದರೆ ಕುಗ್ಗಿಸುವ ಮೊದಲು 209 ಎಂಬಿ. 600ಕ್ಕೆ ಏರಿಸಿದರೆ ಇದರ ನಾಲ್ಕು ಪಟ್ಟು. ಪ್ರಿಂಟ್ ನಿಧಾನವಾಗುವುದು, ಪಿಡಿಎಫ್ ಕಡತ ಉಬ್ಬುವುದು, ಒಳಗಿನ ಬರಹವನ್ನು ಹುಡುಕಲು ಬಾರದಿರುವುದು ಎಲ್ಲಕ್ಕೂ ಮೂಲ ಇದೇ.

ಚುಕ್ಕೆ ಕಡಿಮೆ ಮಾಡಿ ಕಡತ ಹಗುರ ಮಾಡೋಣ ಎಂದರೆ ಗೆರೆ ಕೈಕೊಡುತ್ತದೆ. 150ರಲ್ಲಿ ಒಂದು ಚುಕ್ಕೆಯ ಅಗಲವೇ 0.17 ಮಿಮೀ, 0.13 ಮಿಮೀ ಗೆರೆ ಅದಕ್ಕಿಂತ ಸಣ್ಣದು. 300ರಲ್ಲಿ ಚುಕ್ಕೆ 0.085 ಮಿಮೀ, ಗೆರೆಗೆ ಒಂದೂವರೆ ಚುಕ್ಕೆ ಸಿಗುತ್ತದೆ. 600ರಲ್ಲಿ ಮೂರು. ಸಣ್ಣ ಗೆರೆಗಳಿರುವ ಹಾಳೆಗೆ 300 ಕನಿಷ್ಠ, ಕಾಗದಕ್ಕೆ ಹೋಗುವ ಅಂತಿಮ ಪ್ರತಿಗೆ 600 ಇಡಿ. ಪಿಡಿಎಫ್ ಪ್ಲಾಟರ್‌ನ ಆಯ್ಕೆಗಳಲ್ಲಿ ವೆಕ್ಟರ್ (ಗೆರೆಗಳು) ಮತ್ತು ರಾಸ್ಟರ್ (ಚುಕ್ಕೆಗಳ ಚಿತ್ರ) ಎರಡರ ಗುಣಮಟ್ಟವೂ ಬೇರೆ ಬೇರೆ ಇರುತ್ತದೆ, ಎರಡನ್ನೂ ನೋಡಿ. ಪಾರದರ್ಶಕ ವಸ್ತು ಒಂದೂ ಇಲ್ಲದ ಹಾಳೆಗಳಲ್ಲಿ ಚೌಕದ ಟಿಕ್ ತೆಗೆದೇ ಇಡಿ; ಕಟ್ಟಿನ ಎಲ್ಲ ಹಾಳೆಗೂ ಒಂದೇ ಹಣೆಬರಹ ಬರೆಯುವುದು ಬೇಡ.

ಪ್ರಿಂಟರ್‌ಗೆ ನೇರ ಕಳಿಸಿದಾಗ ಹಾಳೆಯ ಒಂದು ಭಾಗ ಖಾಲಿ ಬಂದರೆ ಅಥವಾ ಅಡ್ಡಪಟ್ಟಿಗಳು ಕಂಡರೆ, ಮೊದಲು ಪಿಡಿಎಫ್ ಮಾಡಿ ಅದನ್ನು ಪ್ರಿಂಟ್ ತೆಗೆಯಿರಿ. ಅದರಲ್ಲೂ ಕೆಟ್ಟರೆ ಪಿಡಿಎಫ್ ತಂತ್ರಾಂಶದಲ್ಲಿ ಚಿತ್ರವಾಗಿ ಪ್ರಿಂಟ್ ಮಾಡುವ ಆಯ್ಕೆ ಹಿಡಿಯಿರಿ.

ಕಪ್ಪು-ಬಿಳುಪು ಪ್ರತಿಯಲ್ಲಿ ಇನ್ನೊಂದು ತೊಡಕು. ಮೊನೋಕ್ರೋಮ್ ಸಿಟಿಬಿ (ಯಾವ ಬಣ್ಣ ಪ್ರಿಂಟ್‌ನಲ್ಲಿ ಹೇಗೆ ಬರಬೇಕೆಂದು ಹೇಳುವ ಪ್ಲಾಟ್ ಸ್ಟೈಲ್ ಕಡತ) ಬಳಸಿದರೆ ಕೆಂಪು, ನೀಲಿ, ಹಸಿರು ವಲಯಗಳೆಲ್ಲ ಮೊದಲು ಕಪ್ಪಾಗಿ, ಆಮೇಲೆ ಒಂದೇ ಸಂಖ್ಯೆಯಿಂದ ಒಂದೇ ಬೂದು ಆಗುತ್ತವೆ. 60 ಕೊಟ್ಟ ಎಲ್ಲವೂ ಬಿಳಿಯ ಮೇಲೆ 153,153,153. ವಲಯಗಳ ನಡುವಿನ ಭೇದ ಉಳಿಯಬೇಕಾದರೆ ಸಂಖ್ಯೆಗಳನ್ನೇ ದೂರ ದೂರ ಇಡಿ, 45, 65, 85 ಎಂಬಂತೆ. ಟ್ರೂ ಕಲರ್ (255,0,0ರಂತೆ ಮೂರು ಅಂಕಿಯಲ್ಲಿ ಹೇಳುವ ಬಣ್ಣ) ಕೊಟ್ಟ ವಸ್ತುಗಳನ್ನು ಸಿಟಿಬಿ ಮುಟ್ಟುವುದಿಲ್ಲ, ಅವು ತಮ್ಮ ಬಣ್ಣದಲ್ಲೇ ಬರುತ್ತವೆ. ಹಾಗಾಗಿ ಇಂಥ ಪ್ರತಿಗೆ 1ರಿಂದ 255ರವರೆಗಿನ ಇಂಡೆಕ್ಸ್ ಬಣ್ಣಗಳನ್ನೇ ಬಳಸಬೇಕು.

ಪಾರದರ್ಶಕತೆಯಂತೆ ಕಾಣುವ ಬೇರೆ ಸಂಗತಿಗಳು

ಲಾಕ್ ಮಾಡಿದ ಲೇಯರ್ ಮಸುಕಾಗಿ ಕಾಣುವುದು ಲೇಲಾಕ್‌ಫೇಡ್‌ಸಿಟಿಎಲ್ ಎಂಬ ಚರದಿಂದ. ಆರಿಸಿದ ಲೇಯರನ್ನಷ್ಟೇ ಎತ್ತಿ ತೋರಿಸುವ ಲೇಐಸೊ ಆಜ್ಞೆ ಕೊಟ್ಟಾಗ ಉಳಿದ ಲೇಯರ್‌ಗಳು ಮಂಕಾಗುವುದೂ ಇದರಿಂದಲೇ. ಎಕ್ಸ್‌ರೆಫ್ ಮಸುಕಾಗುವುದು ಎಕ್ಸ್‌ಡಿಡಬ್ಲ್ಯುಜಿಫೇಡ್‌ಸಿಟಿಎಲ್‌ನಿಂದ. ಎರಡೂ ಪರದೆಯ ಅನುಕೂಲಕ್ಕಷ್ಟೇ. ಹಿನ್ನೆಲೆ ಹೇಗೂ ತಿಳಿಯಾಗಿದೆ ಎಂದು ನಂಬಿ ಪ್ರಿಂಟ್ ಕೊಟ್ಟರೆ ಅದು ಪೂರ್ತಿ ದಟ್ಟವಾಗಿ ಬಂದು ಹೊಸ ಕೆಲಸವನ್ನು ನುಂಗುತ್ತದೆ.

ಸೇರಿಸಿದ ಚಿತ್ರಕ್ಕೂ ಪಿಡಿಎಫ್ ಅಂಡರ್‌ಲೇಗೂ ಫೇಡ್ ಎಂಬ ಗುಣ ಬೇರೆಯೇ ಇದೆ. ಅದು ಬಣ್ಣವನ್ನು ಹಿನ್ನೆಲೆಯ ಕಡೆಗೆ ತಿಳಿಗೊಳಿಸುತ್ತದೆ, ಅಡಿಯಲ್ಲಿರುವುದನ್ನು ತೋರಿಸುವುದಿಲ್ಲ. ಚಿತ್ರವೇ ಎಲ್ಲಕ್ಕಿಂತ ಕೆಳಗಿದ್ದರೆ ಫೇಡ್ ಸಾಕು.

ಪ್ಲಾಟ್ ಸ್ಟೈಲ್‌ನ ಸ್ಕ್ರೀನಿಂಗ್ ಹಳೆಯ, ಬಲು ನಂಬಿಕೆಯ ವಿಧಾನ. ಅಲ್ಲಿ 100 ಎಂದರೆ ಪೂರ್ತಿ ಶಾಯಿ, 40 ಎಂದರೆ ಅಷ್ಟೇ ಪಾಲು ಶಾಯಿ. ಪಾರದರ್ಶಕತೆಯ ಸಂಖ್ಯೆಗೆ ಇದು ತಿರುಗುಮುರುಗು ಎಂಬುದು ನೆನಪಿರಲಿ. ಅಡಿಯದು ಕಾಣಿಸುವುದಿಲ್ಲವಾದರೂ ಗೆರೆಗಳು ಗೆರೆಗಳಾಗಿಯೇ ಹೋಗುತ್ತವೆ, ಕಡತ ಉಬ್ಬುವುದಿಲ್ಲ. ಹಳೆಯ ಗೋಡೆಗಳನ್ನು ಬೂದುಗೊಳಿಸುವುದಷ್ಟೇ ಉದ್ದೇಶವಾಗಿದ್ದರೆ ಪಾರದರ್ಶಕತೆಗಿಂತ ಸ್ಕ್ರೀನಿಂಗ್ ಮೇಲು.

ಕಡತವನ್ನು ಬೇರೆಯವರಿಗೆ ಕಳಿಸುವ ಮುನ್ನ ಅವರ ತಂತ್ರಾಂಶ ಯಾವುದೆಂದು ಕೇಳಿ. ಆಟೋಕ್ಯಾಡ್ 2010 ಮತ್ತು ಅದಕ್ಕಿಂತ ಹಳೆಯವುಗಳಿಗೆ ಈ ಗುಣವೇ ತಿಳಿಯದು, ಅಲ್ಲಿ ಹ್ಯಾಚ್‌ಗಳೆಲ್ಲ ದಟ್ಟವಾಗಿ ಕಾಣುತ್ತವೆ. ಡ್ರಾ ಆರ್ಡರ್‌ನಲ್ಲಿ ಹ್ಯಾಚ್ ಮೊದಲೇ ಹಿಂದಿದ್ದರೆ ಆಗಲೂ ಗೆರೆ, ಬರಹಗಳು ಓದಲು ಸಿಗುತ್ತವೆ. ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಕಳಿಸಿದರೆ ಹಾಳೆ ಹೇಗೆ ಕಾಣಬೇಕೆಂದು ಅವರು ಹೋಲಿಸಿ ನೋಡಬಹುದು.